ಹನ್ನೆರಡನೆಯ ಪದಕ

ಆಸ್ಪತ್ರೆಯ ಲಾಂಡ್ರಿ, ಹಿಂಬದಿಯ ಕೋಣೆ
ಬರೆಯಲು ಕೂತದ್ದು ಶುಕ್ರವಾರ, ಇಂದು ಮಂಗಳವಾರ

ಅಕ್ಕಾ,

ನಿನ್ನ ಪತ್ರ ತಲುಪಿತು. ಕಣ್ಣಿನಿಂದ ಒಂದು ಸಲ ಓದಿದೆ, ಬೆರಳಿನಿಂದ ಎರಡು ಸಲ. ಬೆರಳಿನಿಂದ ಓದುವಾಗ ಈಗಲೂ ಎಡವುತ್ತೇನೆ. ಆದರೂ ನಿನ್ನ ದನಿ ಸಿಗುವುದು ಹಾಗೆ ಓದಿದಾಗಲೇ.

ನಾನೂ ಬ್ರೈಲ್‌ನಲ್ಲೇ ಬರೆಯುತ್ತಿದ್ದೇನೆ. ಪೆನ್ನಿನಲ್ಲಿ ಬರೆದರೆ ಅಮ್ಮ ನಿನಗೆ ಓದಿ ಹೇಳಬೇಕು. ಅಮ್ಮ ಓದಿದರೆ ಅರ್ಧ ಪತ್ರ ಅವಳದೇ ಆಗಿರುತ್ತದೆ. ಕಹಿ ಬಂದ ಕಡೆ ನುಂಗಿಬಿಡುತ್ತಾಳೆ, ಸಿಹಿ ಸಾಲದ ಕಡೆ ತಾನೇ ಸುರಿಯುತ್ತಾಳೆ. ಈ ದಪ್ಪ ಕಾಗದ ಅವಳ ಕಣ್ಣಿಗೆ ಬರೀ ಗುಳ್ಳೆ ಎದ್ದ ಚರ್ಮ. ಇದರಲ್ಲಿರುವುದು ನಿನ್ನೊಬ್ಬಳಿಗೆ. ಐದು ದಿನದಿಂದ ಪಾಳಿಗೆ ಹೋಗುವ ಮುಂಚೆ ಕೂತು ಚುಚ್ಚುತ್ತಿದ್ದೇನೆ, ಕಾಗದದ ಬೆನ್ನ ಕಡೆಯಿಂದ, ಬಲದಿಂದ ಎಡಕ್ಕೆ, ಒಂದೊಂದೇ ಚುಕ್ಕಿ. ಐದು ನಿಮಿಷ ಒಂದು ಕಡೆ ಕೂರಲಾರದ ನಾನು ಇಷ್ಟು ಹೊತ್ತು ಕೂತಿದ್ದೇನೆ ಅಂದರೆ ನೀನೇ ತಿಳಿದುಕೋ.

ಓಟದ ತಂಡದ ಮುಂದಿನ ಆಯ್ಕೆಗೆ ಎರಡು ತಿಂಗಳಿದೆ ಅಂತ ಬರೆದಿದ್ದೀಯ. ನಮ್ಮ ಕೋಚ್, ಆ ಶಿಳ್ಳೆ ಮೇಷ್ಟ್ರು, ಹಗ್ಗ ಹಿಡಿದು ನಿನ್ನ ಜೊತೆಗೆ ಓಡಲು ಹೊಸ ಗೈಡ್ ಹುಡುಗಿಯನ್ನು ಗೊತ್ತು ಮಾಡಿದರೆ ನೀನು ಅವಳ ಜೊತೆ ಓಡಲಾರೆ ಅಂದೆಯಂತೆ. ಅಂಧರ ಶಾಲೆಯಲ್ಲಿ ಮಕ್ಕಳಿಗೆ ಓಟ ಕಲಿಸುವ ಕೆಲಸ ಬರುವ ತಿಂಗಳಿನಿಂದ ಖಾಯಂ ಆಗುತ್ತದಂತೆ, ಪದಕ ಗೆದ್ದವಳು ಅನ್ನುವ ಕಾರಣಕ್ಕೆ. ಇವನ್ನೆಲ್ಲ ಮೂರು ಪುಟ ಬರೆದು, ಕೊನೆಗೆ ಒಂದೇ ಸಾಲು: ಕೊನೆಯ ತಿರುವಿನಲ್ಲಿ ನನ್ನ ಎಡ ಮೊಣಕೈಗೆ ತಗುಲಿದ್ದು ಏನು, ನೀನು ನನ್ನ ಬಲಕ್ಕಿದ್ದೆಯಲ್ಲ.

ಆ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ ಬೇರೆಲ್ಲೋ ಹೋಗಿಬಿಡುತ್ತೇನೆ. ತಗುಲಿದ್ದು ಒಬ್ಬ ಮನುಷ್ಯನ ತೋಳು. ನಮ್ಮ ಮುಂದಿದ್ದ ಓಟಗಾರ್ತಿಯ ಗೈಡ್‌ನ ತೋಳು. ಅವನ ಕೈಯಿಂದ ಹಗ್ಗ ಬಿಟ್ಟುಹೋಯಿತು. ಅವಳು ಬಿದ್ದದ್ದು ಅದರಿಂದ. ನಾನು ಏನಿಲ್ಲ ಅಂದೆ. ಅದು ಸುಳ್ಳು.

ಇಷ್ಟು ಬರೆದ ದಿನ ಮುಂದೆ ಬರೆಯಲಾಗಲಿಲ್ಲ. ಎದ್ದು ಹೋಗಿ ಆಸ್ಪತ್ರೆಯನ್ನು ಎರಡು ಸುತ್ತು ಹಾಕಿ ಬಂದೆ.

ನಾನು ಶಾಲೆ ಬಿಟ್ಟದ್ದು ಹೇಗೆ ಅಂತ ನಿನಗೆ ಗೊತ್ತು. ಒಂಬತ್ತನೇ ತರಗತಿಯಲ್ಲಿ ಪಕ್ಕದವಳದ್ದು ನೋಡಿ ಬರೆದೆ, ಒಳ್ಳೆಯ ಅಂಕ ಬಂತು, ಯಾರೂ ಕೇಳದಿದ್ದರೂ ಹೆಡ್‌ಮಿಸ್ ಮುಂದೆ ಹೋಗಿ ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು. ಅಪ್ಪನ್ನ ಕರ್ಕೊಂಡ್ ಬಾ ಅಂದರು. ಅಪ್ಪ ಇಲ್ಲ ಅಂದೆ. ಹಾಗಾದ್ರೆ ಅಮ್ಮನ್ನ ಕರ್ಕೊಂಡ್ ಬಾ ಅಂದರು. ಅಮ್ಮ ಕೆಲ್ಸಕ್ಕೆ ಹೋಗ್ತಾಳೆ ಅಂದೆ. ಹಾಗಾದ್ರೆ ನೀನೂ ಬರ್ಬೇಡ ಅಂದರು. ನಾನು ಹೋಗಲಿಲ್ಲ. ನಿನ್ನ ಸತ್ಯಾನ ಬುತ್ತಿ ಕಟ್ಕೊಂಡ್ ತಿರುಗು, ಹೊಟ್ಟೆ ತುಂಬುತ್ತೆ ಅಂತ ಅಮ್ಮ ಬೈಯುತ್ತಿದ್ದರೆ ನೀನು ಮಂಚದ ಮೇಲೆ ಕೂತು ನಗುತ್ತಿದ್ದೆ. ಆ ವಾರವೇ ಶಿಳ್ಳೆ ಮೇಷ್ಟ್ರ ಹತ್ತಿರ ಹೇಳಿದೆಯಂತೆ, ನನ್ನ ತಂಗಿಗೆ ಸುಳ್ಳು ಹೇಳೋಕೆ ಬರಲ್ಲ, ಹಗ್ಗದ ಆ ತುದಿ ಅವಳಿಗೇ ಕೊಡಿ ಅಂತ. ಅವರು ನನ್ನನ್ನು ಒಂದು ಸುತ್ತು ಓಡಿಸಿ ನೋಡಿ, ಇವಳ ಕಾಲಲ್ಲಿ ಚಕ್ರ ಇದೆ, ಬಾಯಿಗೆ ಬ್ರೇಕ್ ಇಲ್ಲ, ಗೈಡ್‌ಗೆ ಎರಡೂ ಬೇಕು ಅಂದರು.

ಒಂದು ಗೇಣು ಹಗ್ಗ, ಎರಡು ತುದಿಗೆ ಎರಡು ಕುಣಿಕೆ. ಗೈಡ್ ಎಳೆಯಬಾರದು, ತಳ್ಳಬಾರದು, ಕೊನೆಯ ಗೆರೆಯನ್ನು ಓಟಗಾರ್ತಿಗಿಂತ ಮೊದಲು ದಾಟಬಾರದು. ಅವು ಪುಸ್ತಕದ ನಿಯಮ. ನಮ್ಮಿಬ್ಬರದೇ ಒಂದು ನಿಯಮವಿತ್ತು, ನೀನು ಮಾಡಿದ್ದು: ಟ್ರ್ಯಾಕ್ ಮೇಲೆ ಕಂಡದ್ದನ್ನೆಲ್ಲ ಹೇಳಬೇಕು, ತಿರುವು ಬರುವ ಮುಂಚೆಯೇ ಹೇಳಬೇಕು. ಬಂದ ಮೇಲೆ ಹೇಳಿದರೆ ಅದು ಸುದ್ದಿ, ದಾರಿಯಲ್ಲ ಅಂದಿದ್ದೆ. ನಾಲ್ಕು ವರ್ಷ ನಾನು ಹಾಗೇ ನಡೆದುಕೊಂಡೆ. ನೀರಿನ ಗುಂಡಿ, ಬಿದ್ದ ಎಲೆ, ಎದುರು ಬಂದ ನಾಯಿ, ನಿನ್ನ ಲೇಸು ಬಿಚ್ಚಿದ್ದು, ಒಂದು ಸಲ ಮೇಷ್ಟ್ರ ಪ್ಯಾಂಟಿನ ಹೊಲಿಗೆ ಬಿಚ್ಚಿದ್ದೂ ಹೇಳಿದ್ದೆ.

ಕ್ರೀಡಾಕೂಟದಲ್ಲಿ ನಮ್ಮ ಓಟವಿದ್ದ ದಿನದ ಬೆಳಿಗ್ಗೆಯ ಬಸ್ಸು ನೆನಪು ಮಾಡಿಕೋ. ನಮ್ಮ ತಂಡಕ್ಕೆ ಆಗಲೇ ಹನ್ನೊಂದು ಪದಕ ಬಂದಿತ್ತು: ಎರಡು ಚಿನ್ನ, ನಾಲ್ಕು ಬೆಳ್ಳಿ, ಐದು ಕಂಚು. ನಮ್ಮ ದೇಶದ ಹಳೆಯ ದಾಖಲೆಯೂ ಹನ್ನೊಂದೇ. ಉಳಿದದ್ದು ನಮ್ಮ ಓಟವೊಂದು. ಮ್ಯಾನೇಜರು ಅಂಗಿ ಜೇಬಿನಿಂದ ಪಟ್ಟಿ ತೆಗೆದು, ಹನ್ನೆರಡು ಅಂತ ಪೆನ್ನಲ್ಲೇ ಬರ್ದುಬಿಟ್ಟಿದೀನಿ ಕಣ್ರಮ್ಮಾ, ಅಳ್ಸೋಕಾಗಲ್ಲ ಅಂದರು. ತನ್ನನ್ನು ತಾನೇ ಕೊಕ್ಕರೆ ಅಂತ ಕರೆದುಕೊಳ್ಳುವ ಆ ಒಂಟಿಕಾಲಿನ ಎತ್ತರ ಜಿಗಿತದವನು ಹಿಂದಿನ ಸೀಟಿನಿಂದ, ನಾನು ಒಂದೇ ಕಾಲಲ್ಲಿ ಬೆಳ್ಳಿ ತಂದೆ, ನಿಮ್ಮಿಬ್ರಿಗೆ ನಾಲ್ಕಿದೆ, ಬರಿಗೈಲಿ ಬಂದ್ರೆ ನೋಡಿ ಅಂದ. ಗಾಲಿಕುರ್ಚಿಯಿಂದ ಗುಂಡೆಸೆಯುವ ಅತ್ತೆ, ಹುಡುಗೀರನ್ನ ಹೆದರಿಸ್ಬೇಡ್ವೋ ಮುಠ್ಠಾಳ ಅಂತ ಅವನ ತಲೆಗೆ ಟವೆಲ್ ಎಸೆದಳು. ನೀನು ನಕ್ಕೆ. ನನಗೆ ನಗು ಬರಲಿಲ್ಲ. ನಿನ್ನ ಅಂಗೈ ಬೆವರಿತ್ತು. ಇಷ್ಟು ದೂರ ಬಂದು ನಿನ್ನನ್ನು ಬರಿಗೈಯಲ್ಲಿ ವಾಪಸು ಕರೆದುಕೊಂಡು ಹೋಗುವುದು ನನ್ನಿಂದಾಗದು ಅಂದುಕೊಂಡೆ.

ನಮ್ಮ ಮುಂದಿದ್ದವಳು ಯಾರು ಅಂತ ನಿನಗೆ ಗೊತ್ತು. ಅಭ್ಯಾಸದ ಮೈದಾನದಲ್ಲಿ ನಿನ್ನ ಪಕ್ಕ ಕೂತು ಲೇಸು ಕಟ್ಟಿಕೊಂಡಿದ್ದಳಲ್ಲ, ಅವಳೇ. ಒಬ್ಬರ ಭಾಷೆ ಒಬ್ಬರಿಗೆ ಬಾರದೆ ನೀವಿಬ್ಬರೂ ಒಬ್ಬರ ಬೂಟನ್ನು ಒಬ್ಬರು ಮುಟ್ಟಿ ನೋಡಿ ನಕ್ಕಿದ್ದಿರಿ. ಅವಳ ಗೈಡ್ ಅವಳ ಸ್ವಂತ ಅಣ್ಣ. ಅದು ನಿನಗೆ ಗೊತ್ತಿಲ್ಲ, ನನಗೂ ಆಗ ಗೊತ್ತಿರಲಿಲ್ಲ.

ಮೂರೂ ಮುಕ್ಕಾಲು ಸುತ್ತಿನ ಓಟ, ಆರು ಜೋಡಿ, ಎಲ್ಲ ಓಟಗಾರ್ತಿಯರ ಕಣ್ಣಿಗೂ ಒಂದೇ ಥರದ ಕಪ್ಪುಪಟ್ಟಿ. ಕೊನೆಯ ತಿರುವಿಗೆ ಬಂದಾಗ ನಾವು ನಾಲ್ಕನೆಯವರು, ಅವರು ಮೂರನೆಯವರು. ಅವರನ್ನು ಹೊರಗಿನಿಂದ ದಾಟಬೇಕಿತ್ತು. ತಿರುವಿನಲ್ಲಿ ಹೊರಗೆ ಸರಿದಷ್ಟೂ ಓಡಬೇಕಾದ ದೂರ ಹೆಚ್ಚು. ಅದಕ್ಕೆ ನಿನ್ನನ್ನು ಅವರಿಗೆ ಅಂಟಿಸಿಕೊಂಡೇ ಹಾಯಿಸಿದೆ. ಒಂದು ತೋಳಿನ ಅಂತರ ಬಿಡಬೇಕಿತ್ತು, ಅಂದಾಜು ತಪ್ಪಿತು. ನಿನ್ನ ಎಡ ಮೊಣಕೈ ಹಿಂದಕ್ಕೆ ಬೀಸಿದಾಗ ಅವನ ಬಲತೋಳಿಗೆ ಬಡಿಯಿತು. ಅವನು ಮುಗ್ಗರಿಸಿದ. ಎಡಗೈಯಲ್ಲಿದ್ದ ಹಗ್ಗ ಕಳಚಿತು.

ಅವಳು ನಿಲ್ಲಲಿಲ್ಲ ಅಕ್ಕಾ. ಗೊತ್ತಾಗಲಿಲ್ಲವೋ, ಗೊತ್ತಾದರೂ ಕಾಲು ಕೇಳಲಿಲ್ಲವೋ. ಟ್ರ್ಯಾಕ್ ಎಡಕ್ಕೆ ತಿರುಗಿತು, ಅವಳು ತಿರುಗಲಿಲ್ಲ. ನಾನು ತಲೆ ಹೊರಳಿಸಿ ನೋಡಿದೆ. ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಹಾದುಹೋದಳು. ಹಗ್ಗ ಅವಳ ಬೆರಳಿಗೆ ನೇತಾಡುತ್ತಿತ್ತು, ಕೈ ಮಾತ್ರ ಪಕ್ಕದಲ್ಲಿ ಇನ್ನೂ ಯಾರೋ ಇದ್ದಾರೆ ಅನ್ನುವ ಹಾಗೆ ಬೀಸುತ್ತಿತ್ತು. ಹನ್ನೆರಡೋ ಹದಿಮೂರೋ ಹೆಜ್ಜೆ. ಆಮೇಲೆ ಹೊರಗಿನ ಜಾಹೀರಾತು ಹಲಗೆಗೆ ಬಡಿದ ಸದ್ದು.

ಏನದು ಅಂತ ಕೇಳಿದೆ ನೀನು. ಏನಿಲ್ಲ, ಓಡು, ಇನ್ನು ಎಂಬತ್ತು ಮೀಟರ್ ಅಂದೆ. ನೀನು ಓಡಿದೆ. ನಿನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಓಡಿದ್ದಿಲ್ಲ.

ಮುಂದಿದ್ದ ಇಬ್ಬರು ಸರಿಸಮ ಪೈಪೋಟಿಯಲ್ಲಿ ಬರುತ್ತಿದ್ದರು. ಜನ, ಕ್ಯಾಮೆರಾ, ತಿರುವಿನಲ್ಲಿ ನಿಂತ ಅಂಪೈರ್, ಎಲ್ಲರ ಕಣ್ಣೂ ಅವರ ಮೇಲೆ. ಆ ಅಣ್ಣನೊಬ್ಬನೇ ದೂರು ಕೊಟ್ಟ. ನಮ್ಮನ್ನು ಕರೆಸಿದ ಆ ಕೋಣೆಯಲ್ಲಿ ಉದ್ದ ಮೇಜು, ಮೂವರು ಅಧಿಕಾರಿಗಳು, ತಿರುಗದ ಫ್ಯಾನು, ಒಂದು ಕಾಗದ. ಮೈ ತಾಗಿತೇ ಅಂತ ದುಭಾಷಿ ಹುಡುಗಿ ಕೇಳಿದಳು. ಇಲ್ಲ ಅಂದೆ. ಬರೆದುಕೊಂಡರು, ಸಹಿ ಹಾಕಿದೆ. ಆಮೇಲೆ ನಿನ್ನನ್ನು ಕೇಳಿದರು. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರ್ಯಾಕ್ ಮೇಲೆ ನನ್ನ ಕಣ್ಣು ಅವಳು, ಅವಳು ಇಲ್ಲ ಅಂದ್ರೆ ಇಲ್ಲ ಅಂದೆ.

ಆ ಸ್ವಲ್ಪ ಹೊತ್ತಿನ ಬಗ್ಗೆಯೂ ಬರೆದುಬಿಡುತ್ತೇನೆ, ಬೇಜಾರಾದರೆ ಆಗಲಿ. ನಿನ್ನ ಮೊಣಕೈ ಕೆಂಪಾಗಿತ್ತು. ನೀನು ಅದನ್ನು ಬಲಗೈಯಿಂದ ಮುಚ್ಚಿಕೊಂಡು ಕೂತಿದ್ದೆ. ನಿನಗೂ ಅರ್ಧ ಗೊತ್ತಿತ್ತು ಅಂತ ನನಗನ್ನಿಸುತ್ತದೆ. ಆದರೆ ನಿನಗೆ ಅರ್ಧ ಮಾತ್ರ ಗೊತ್ತಾಗುವ ಹಾಗೆ ಮಾಡಿದವಳು ನಾನು. ಹಾಗಾಗಿ ನಿನ್ನ ಪಾಲಿನದೂ ನನ್ನ ತಲೆಗೇ ಬರುತ್ತದೆ.

ಪದಕ ಹಾಕುವಾಗ ಮ್ಯಾನೇಜರು ಅತ್ತರು. ಊರಿಗೆ ಬಂದ ಮೇಲೆ ಪೇಪರಿನವರು ಹನ್ನೆರಡೂ ಹೆಸರನ್ನು ಚೌಕದೊಳಗೆ ಹಾಕಿದರು, ನಿನ್ನದು ಕೊನೆಯದು. ಅಮ್ಮ ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದಳು. ಬಂದವರಿಗೆಲ್ಲ ಮೇಲಿನಿಂದ ಓದಿ ತೋರಿಸುತ್ತಾಳಲ್ಲ, ಒಂದು, ಎರಡು, ಮೂರು ಅಂತ. ಅವಳು ಹನ್ನೊಂದಕ್ಕೆ ಬರುವಷ್ಟರಲ್ಲಿ ನಾನು ಏನಾದರೂ ನೆಪ ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದೆ. ಯಾವ ಕೆಲಸಕ್ಕೂ ನಿಲ್ಲದೋಳು ಇವಳು, ಈಗ ಬಚ್ಚಲು ಕಾಯೋ ಕೆಲ್ಸ ಸಿಕ್ಕಿದೆ ಅಂತ ಅಮ್ಮ ಆಡಿಕೊಂಡಳು. ನಾನು ಮನೆ ಬಿಟ್ಟು ಇಲ್ಲಿಗೆ ಬಂದದ್ದು ಕಾಲು ನಿಲ್ಲದೆ ಅಲ್ಲ.

ಇನ್ನೊಂದು ಇದೆ. ಇದನ್ನು ಬರೆಯದೆ ಪತ್ರ ಮುಗಿಸಿಬಿಡೋಣ ಅಂತ ನಿನ್ನೆ ಯೋಚಿಸಿದ್ದೆ.

ಓಟದ ಮಾರನೆಯ ದಿನ ನೀನು ಫೋಟೋ ತೆಗೆಸಿಕೊಳ್ಳಲು ಹೋದಾಗ ನಾನು ಕ್ರೀಡಾಪಟುಗಳ ದವಾಖಾನೆಗೆ ಹೋದೆ. ಅದೇ ದುಭಾಷಿ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ನಿಜ ಹೇಳಿಬಿಡುವುದಕ್ಕೇ ಹೋದೆ, ಆಣೆ. ಬಿದ್ದವಳು ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು. ಹೆಗಲಿನ ಕಾಲರ್ ಮೂಳೆ ಮುರಿದಿತ್ತು, ಬಲಗೈ ಎದೆಗೆ ಕಟ್ಟಿದ್ದರು. ಅವಳ ಅಣ್ಣ ಹಿಂದೆ ಕೂತು ಅವಳ ತಲೆ ಬಾಚುತ್ತಿದ್ದ. ಗಂಡಸರ ಬಾಚುವಿಕೆ, ಸಿಕ್ಕಿದ್ದ ಕಡೆ ಎಳೆಯುತ್ತಿದ್ದ, ಅವಳು ಗೊಣಗುತ್ತಿದ್ದಳು. ನನ್ನನ್ನು ನೋಡಿದ ತಕ್ಷಣ ಬಾಚಣಿಗೆಯನ್ನು ಹಾಸಿಗೆಯ ಮೇಲಿಟ್ಟು ಎದ್ದು ಹೊರಗೆ ಹೋದ.

ಅವಳು ನನ್ನ ಕೈ ಹಿಡಿದು ಕೂರಿಸಿಕೊಂಡಳು. ಪದಕಕ್ಕೆ ಶುಭಾಶಯ ಹೇಳಿದಳು, ಬೂಟಿನ ಅಕ್ಕನಿಗೂ ಹೇಳು ಅಂದಳು, ಅಂದರೆ ನಿನಗೆ. ಆಮೇಲೆ ದನಿ ತಗ್ಗಿಸಿ ಕೇಳಿದಳು. ಯಾರದೋ ಕೈ ಬಡೀತು ಅಂತ ನಮ್ಮಣ್ಣ ಹೇಳ್ತಾನೆ, ನಮ್ಮ ತಂಡದೋರು ಅವನೇ ಕೈಬಿಟ್ಟು ಈಗ ನೆಪ ಹೇಳ್ತಿದಾನೆ ಅಂತಾರೆ, ನೀನು ಪಕ್ಕದಲ್ಲೇ ಇದ್ಯಲ್ಲ, ನಿನಗೇನು ಕಾಣಿಸ್ತು. ದುಭಾಷಿ ಹುಡುಗಿ ಒಂದೊಂದೇ ಮಾತು ನಿಧಾನವಾಗಿ ದಾಟಿಸಿದಳು. ಅಷ್ಟು ಹೊತ್ತೂ ಅವಳ ಕೈ ನನ್ನ ಕೈ ಮೇಲಿತ್ತು.

ನಾನು ಬಾಯಿ ತೆರೆದಾಗ ಬಂದದ್ದು ನಿಜವಲ್ಲ. ಯಾರ ಕೈಯೂ ತಾಗಿದ್ದು ಕಾಣಿಸಲಿಲ್ಲ, ಹಗ್ಗ ತಾನಾಗೇ ಜಾರಿರಬೇಕು ಅಂದೆ.

ಅವಳು ತಲೆಯಾಡಿಸಿದಳು. ನನ್ನ ಕೈ ಬಿಟ್ಟು, ಹಾಸಿಗೆಯ ಮೇಲೆ ತಡಕಾಡಿ ಬಾಚಣಿಗೆ ಹುಡುಕಿ, ಅದನ್ನು ದುಭಾಷಿ ಹುಡುಗಿಯ ಕಡೆಗೆ ಚಾಚಿ ಏನೋ ಅಂದಳು. ಉಳಿದರ್ಧ ತಲೆ ನೀನು ಬಾಚಿಬಿಡ್ತೀಯಾ ಅಂತ ಕೇಳಿದಳಂತೆ. ಹೊರಗೆ ಬಂದರೆ ಆ ಅಣ್ಣ ಗೋಡೆಗೆ ಒರಗಿ ನಿಂತಿದ್ದ, ಒಳಗೆ ಹೋಗಬಹುದಾ ಅನ್ನುವ ಹಾಗೆ ನನ್ನ ಮುಖ ನೋಡಿದ.

ಇಲ್ಲಿ ನನ್ನ ಕೆಲಸ ಹಾಸಿಗೆಯ ಬಟ್ಟೆ ಮಡಿಸುವುದು. ಒಬ್ಬರು ಆ ತುದಿ, ಒಬ್ಬರು ಈ ತುದಿ. ಬಿಗಿ ಹಿಡಿದು ಒದರಿ, ಎದುರುಬದುರು ನಡೆದು ಬಂದು ಸೇರಿಸಬೇಕು. ನನ್ನ ಜೊತೆಗಾತಿ ವಯಸ್ಸಾದವಳು, ಒಳ್ಳೆಯವಳು, ಬಾಯಿ ತುಂಬ ಜೋಕು. ಒಂದು ದಿನ ನಾನು ನನ್ನ ತುದಿ ಬಿಟ್ಟುಬಿಟ್ಟೆ. ಬಟ್ಟೆ ನೆಲಕ್ಕೆ ಬಿತ್ತು, ಅವಳ ಕೈ ಮಾತ್ರ ಹಿಡಿದ ಹಾಗೇ ಗಾಳಿಯಲ್ಲಿತ್ತು. ಅವಳು ನಕ್ಕಳು. ನನಗೆ ವಾಂತಿ ಬಂತು. ಏನಮ್ಮಾ ಇದು, ಹೊಟ್ಟೇಲೇನಾದ್ರೂ ಗುಟ್ಟಿದ್ಯಾ ಅಂತ ಕೇಳಿದಳು. ಇದೆ, ನೀನಂದುಕೊಂಡಿರೋದಲ್ಲ ಅಂದೆ.

ಮಧ್ಯಾಹ್ನ ಬಸ್ಸಿಳಿದು ಇಲ್ಲಿಗೆ ನಡೆದು ಬರುವಾಗ ನನ್ನ ಎಡಗೈ ತಾನಾಗಿ ಸ್ವಲ್ಪ ಚಾಚಿಕೊಂಡಿರುತ್ತದೆ, ನಿನ್ನ ತೂಕಕ್ಕೆ. ಪಕ್ಕದಲ್ಲಿ ನಿನ್ನ ಹೆಜ್ಜೆ ಕೇಳುತ್ತದೆ. ಅದು ಅಭ್ಯಾಸ, ಅದಕ್ಕೆ ಹೆದರುವುದಿಲ್ಲ. ಆಸ್ಪತ್ರೆಯ ಗೇಟಿನ ಹತ್ತಿರ ರಸ್ತೆ ಎಡಕ್ಕೆ ತಿರುಗುತ್ತದೆ. ಅಲ್ಲಿ ನಾನು ತಿರುಗಿದಾಗ ನನ್ನ ಹಿಂದೆ ಇನ್ನೊಬ್ಬರ ಹೆಜ್ಜೆ ತಿರುಗದೆ ನೇರ ಹೋಗುತ್ತದೆ. ನಿಂತು ಎಣಿಸುತ್ತೇನೆ. ಹನ್ನೆರಡಕ್ಕೋ ಹದಿಮೂರಕ್ಕೋ ನಿಲ್ಲುತ್ತದೆ. ಅಲ್ಲಿ ಹಲಗೆ ಇಲ್ಲ, ಬರೀ ಒಂದು ಔಷಧದ ಅಂಗಡಿ. ಆ ಅಂಗಡಿಯವನು ನಾನು ಏನೋ ಕೊಳ್ಳಲು ಬಂದು ನಾಚಿ ನಿಂತಿದ್ದೇನೆ ಅಂದುಕೊಂಡಿದ್ದಾನೆ. ಏನ್ ಬೇಕಮ್ಮಾ, ಸುಮ್ನೆ ಕೇಳು ಅನ್ನುತ್ತಾನೆ.

ಮೂರು ವಾರದ ಹಿಂದೆ ದುಭಾಷಿ ಹುಡುಗಿಯ ಮೆಸೇಜ್ ಬಂತು. ನಾನೇ ವಿಚಾರಿಸಿದ್ದೆ. ಅಂದು ಬಿದ್ದವಳು ಮತ್ತೆ ಓಡುತ್ತಿದ್ದಾಳಂತೆ, ಬೇರೆ ಗೈಡ್ ಜೊತೆ. ಅಣ್ಣನನ್ನು ತಂಡದಿಂದ ತೆಗೆದಿದ್ದಾರೆ. ಒಂದೇ ಮನೆಯಲ್ಲಿದ್ದರೂ ಅವಳು ಅವನ ಹತ್ತಿರ ಮಾತಾಡುವುದಿಲ್ಲವಂತೆ. ಕೈಬಿಟ್ಟಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಅಂತ ಹೇಳಿದ್ದಾಳಂತೆ.

ಅದಕ್ಕೇ ಕ್ರೀಡಾಕೂಟದ ಸಮಿತಿಗೆ ಪತ್ರ ಬರೆದಿದ್ದೇನೆ, ಪೆನ್ನಿನಲ್ಲಿ. ಇನ್ನೂ ಕಳಿಸಿಲ್ಲ. ಬರುವ ಸೋಮವಾರ ಕಳಿಸುತ್ತೇನೆ. ನೀನು ಬೇಡ ಅಂದರೂ ಕಳಿಸುತ್ತೇನೆ, ಅದರಲ್ಲಿ ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಆದರೆ ಇದು ನಿನಗೆ ಶುಕ್ರವಾರ ಸಿಗುತ್ತದೆ. ನಿನಗೆ ಮುಂಚೆ ಗೊತ್ತಿರಬೇಕು. ನಮ್ಮ ಪದಕ ವಾಪಸು ಕೇಳುತ್ತಾರೆ. ಪಟ್ಟಿ ಹನ್ನೊಂದಕ್ಕೆ ಇಳಿಯುತ್ತದೆ. ಶಾಲೆಯ ಕೆಲಸ ನಿಲ್ಲಬಹುದು. ಶಿಳ್ಳೆ ಮೇಷ್ಟ್ರು ನಿನ್ನನ್ನು ಬೈಯುವುದಿಲ್ಲ, ನನ್ನನ್ನು ಬೈಯಲು ಅವರಿಗೆ ಇದುವರೆಗಿನ ಮಾತು ಸಾಲುವುದಿಲ್ಲ. ಅಮ್ಮನಿಗೆ ನೀನು ಹೇಳಬೇಡ. ಭಾನುವಾರ ಬರುತ್ತೇನೆ, ನಾನೇ ಹೇಳುತ್ತೇನೆ. ಬೀರುವಿನ ಬಾಗಿಲಿನಿಂದ ಅದನ್ನು ಕಿತ್ತುಹಾಕುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು.

ಆ ಕಂಚು ಬಿದ್ದ ಹುಡುಗಿಗೂ ಸಿಗುವುದಿಲ್ಲ, ಗೊತ್ತಿದೆ. ಅವಳು ಗೆರೆ ದಾಟಲಿಲ್ಲ, ನಮ್ಮ ಹಿಂದೆ ಬಂದ ಜೋಡಿಗೆ ಹೋಗುತ್ತದೆ. ಅವಳಿಗೆ ಸಿಗಬೇಕಾದದ್ದು ಅವಳ ಅಣ್ಣ. ಸಮಿತಿಯ ಪತ್ರದ ಇನ್ನೊಂದು ಪ್ರತಿ ಅವನ ಹೆಸರಿಗೆ ಕಳಿಸುತ್ತೇನೆ. ದುಭಾಷಿ ಹುಡುಗಿ ಅವರ ಭಾಷೆಗೆ ಬರೆದುಕೊಡುತ್ತೇನೆ ಅಂದಿದ್ದಾಳೆ.

ಹೊಸ ಹುಡುಗಿಯ ಜೊತೆ ಓಡು ಅಕ್ಕಾ. ಓಡುವುದು ನಿಲ್ಲಿಸಬೇಡ. ಅವಳು ನಿಧಾನವಾಗಿದ್ದರೆ ಬೈದು ಓಡಿಸು. ಹಗ್ಗವನ್ನು ಇನ್ನು ನನ್ನ ಕೈಗೆ ಕೊಡಬೇಡ, ನಾನು ಕೇಳಿದರೂ ಕೊಡಬೇಡ.

ಭಾನುವಾರ ನಾನು ಬಂದಾಗ ಬಾಗಿಲು ತೆಗೆಯಲು ನಿನಗೆ ಮನಸ್ಸಾಗದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕೂರುವುದು ಈ ಐದು ದಿನದಲ್ಲಿ ಸ್ವಲ್ಪ ಅಭ್ಯಾಸವಾಗಿದೆ.

ನಿನ್ನ ತಂಗಿ,
ಬುಗುರಿ

ಮರೆತ ಮಾತಲ್ಲ, ಬಿಟ್ಟ ಮಾತು: ಅಂದಾಜು ತಪ್ಪಿತು ಅಂತ ಮೇಲೆ ಬರೆದಿದ್ದೇನೆ. ತಪ್ಪಲಿಲ್ಲ. ಜಾಗ ಸಾಲದು ಅಂತ ಐದು ಹೆಜ್ಜೆ ಮುಂಚೆಯೇ ಕಂಡಿತ್ತು. ನಿನ್ನನ್ನು ಬರಿಗೈಯಲ್ಲಿ ಕರೆದುಕೊಂಡು ಹೋಗಲಾಗದು ಅಂತಲೂ ಬರೆದಿದ್ದೇನೆ. ಆ ಐದು ಹೆಜ್ಜೆಯಲ್ಲಿ ನೀನು ನನ್ನ ತಲೆಯಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿ ಒಂದು ಅಂತ ಎಣಿಸಿದರೂ ಗೈಡ್‌ಗೂ ಒಂದು ಪದಕ ಕೊಡುತ್ತಾರೆ, ತಲೆಯಲ್ಲಿದ್ದದ್ದು ಅದು. ಹುಟ್ಟಿದಾಗಿನಿಂದ ನನಗೆ ಯಾರೂ ಏನೂ ಕೊಟ್ಟು ಚಪ್ಪಾಳೆ ತಟ್ಟಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡುತ್ತೇನೆ ಅಕ್ಕಾ. ಇವತ್ತು ಬೆಳಿಗ್ಗೆಯೂ ಹಾಕಿಕೊಂಡಿದ್ದೆ.